ರಸ್ತೆಗೆ ಜಲ್ಲಿಯಾದ ಮಾಯಾ ಪಿರಮಿಡ್

ಮಧ್ಯ ಅಮೆರಿಕದ ಬೆಲೀಜ್ ದೇಶದ ಉತ್ತರ ಭಾಗ ಹೆಚ್ಚೂಕಡಿಮೆ ಸಮತಟ್ಟು. ಕಬ್ಬಿನ ಗದ್ದೆ, ಅಲ್ಲಲ್ಲಿ ಜೌಗು, ಅಷ್ಟೇ. ಅಂಥ ಕಡೆ ಎತ್ತರದ ಗುಡ್ಡ ಕಂಡರೆ ಅದು ಮನುಷ್ಯರೇ ಕಟ್ಟಿದ್ದು ಅಂತ ಊರಿನ ಮಕ್ಕಳಿಗೂ ಗೊತ್ತಿರುತ್ತದೆ. ಆದರೂ 2013ರ ಮೇ ತಿಂಗಳಲ್ಲಿ ನೋಹ್‌ಮುಲ್ ಎಂಬಲ್ಲಿ, ಸುಮಾರು 2,300 ವರ್ಷ ಹಳೆಯ, ಆ ಸೀಮೆಯ ಪ್ರಾಚೀನ ಮಾಯಾ ಜನಾಂಗದವರು ಕಟ್ಟಿದ್ದ ಎತ್ತರದ ಪಿರಮಿಡ್ಡನ್ನು ಬುಲ್ಡೋಜರ್ ತಂದು ಕೆಡವಿದರು. ಯಾಕೆ? ರಸ್ತೆಗೆ ಹಾಕಲು ಜಲ್ಲಿ ಬೇಕಿತ್ತು! ನಡುವಿನ ಒಂದು ತುಂಡು ಮಾತ್ರ ಉಳಿಯಿತು.

ಆ ಕಾಲದ ಮಾಯಾ ಜನರಿಗೆ ಲೋಹದ ಉಪಕರಣ ಇರಲಿಲ್ಲ, ಭಾರ ಹೊರಲು ಎತ್ತು ಕುದುರೆಗಳೂ ಇರಲಿಲ್ಲ. ಕಲ್ಲಿನ ಉಳಿಗಳಿಂದಲೇ ಸುಣ್ಣಕಲ್ಲು ಕಡಿದು, ಬೆನ್ನ ಮೇಲೆ ಹೊತ್ತು ತಂದು, ಒಳಗೆ ಕಲ್ಲುಮಣ್ಣು ತುಂಬಿಸಿ, ಹೊರಗೆ ಕಡಿದ ಕಲ್ಲು ಜೋಡಿಸಿ, ಸುಣ್ಣದ ಗಾರೆ ಬಳಿಯುತ್ತಿದ್ದರು. ಹೀಗೆ ಕೈಯಾರೆ ಒಡೆದು ಪೇರಿಸಿಟ್ಟ ಸುಣ್ಣಕಲ್ಲು ರಸ್ತೆ ಮಾಡುವವರಿಗೂ ಸಲೀಸು. ಹೊಸ ಕ್ವಾರಿ ತೆರೆಯುವ ಖರ್ಚೇ ಇಲ್ಲ, ಅಲ್ವಾ?

ಹೋದದ್ದು ಬರೀ ಕಲ್ಲಾಗಿದ್ದರೆ ಮತ್ತೆ ಕಟ್ಟಬಹುದಿತ್ತು. ಮಾಯಾ ಜನ ಹಳೆಯ ಕಟ್ಟಡವನ್ನು ಪೂರ್ತಿ ಕೆಡವದೆ ಅದರ ಮೇಲೆಯೇ ಹೊಸದನ್ನು ಕಟ್ಟುತ್ತಿದ್ದದ್ದು ಸಾಮಾನ್ಯ. ಹಾಗಾಗಿ ಇಂಥ ಪಿರಮಿಡ್ಡಿನ ಒಳಗೆ ಒಂದರ ಮೇಲೊಂದು ಪದರ ಇರುತ್ತದೆ: ಒಂದು ಕಾಲದ ಗಾರೆ ನೆಲ, ಅದರಡಿ ಸಮಾಧಿ, ಮಡಕೆ ಚೂರು, ಇದ್ದಿಲು. ಇದ್ದಿಲಿನ ವಯಸ್ಸನ್ನು ಕಾರ್ಬನ್ ಪರೀಕ್ಷೆಯಿಂದ ತಿಳಿಯಬಹುದು ನಿಜ, ಆದರೆ ಅದು ಯಾವ ನೆಲದ ಕೆಳಗಿತ್ತು ಅಂತ ಗೊತ್ತಿದ್ದರೆ ತಾನೇ ಆ ನೆಲ ಯಾವಾಗಿನದು ಅಂತ ಹೇಳಲು ಸಾಧ್ಯ? ಯಂತ್ರ ಒಂದು ಸಲ ಬಕೆಟ್ ಎತ್ತಿದರೆ ಹಲವು ಶತಮಾನ ಕಲಸಿಹೋಗುತ್ತದೆ. ಆ ಮಡಕೆ ಚೂರು ಲಾರಿಯಲ್ಲಿ ಸಿಕ್ಕರೂ ಅದು ಹೇಳುವುದು ತೀರಾ ಕಡಿಮೆ.

ಕಾನೂನು ಇರಲಿಲ್ಲ ಅಂತಲ್ಲ. ಜಮೀನು ಖಾಸಗಿಯಾಗಿದ್ದರೂ ಬೆಲೀಜ್‌ನಲ್ಲಿ ಪುರಾತನ ಅವಶೇಷಗಳಿಗೆ ಸರ್ಕಾರದ ರಕ್ಷಣೆ ಇದೆ. ಆದರೆ ದೇಶದ ತುಂಬ ಇಂಥ ದಿಬ್ಬಗಳೇ, ಕಾಯುವವರು ಎಷ್ಟು ಜನ! ಪಕ್ಕದ ಗ್ವಾಟೆಮಾಲಾದ ಕಾಡಿನ ಮೇಲೆ ವಿಮಾನದಿಂದ ಲೇಸರ್ ಹಾಯಿಸಿ ಅಳೆದಾಗ, ಸುಮಾರು 2,100 ಚದರ ಕಿಲೋಮೀಟರ್ ಜಾಗದಲ್ಲೇ 60,000ಕ್ಕೂ ಹೆಚ್ಚು ಮಾಯಾ ರಚನೆಗಳು ಕಂಡವು ಅಂತ 2018ರಲ್ಲಿ ಗೊತ್ತಾಯಿತು. ಪತ್ತೆ ಮಾಡುವುದು ಜೋರಾಗಿ ಸಾಗಿದೆ, ಕಾವಲು ಮಾತ್ರ ಅಷ್ಟಕ್ಕಷ್ಟೆ.

ಅಂದಹಾಗೆ ನೋಹ್‌ಮುಲ್‌ಗೆ ಇದು ಮೊದಲ ಏಟೂ ಅಲ್ಲ. 1940ರಲ್ಲೇ ಅಲ್ಲಿನ ಕೆಲವು ಕಟ್ಟಡಗಳನ್ನು ಒಡೆದು ರಸ್ತೆಗೆ ಸುರಿದಿದ್ದರು.