ಜಿರಾನಾ, ಟ್ರೆಲ್ಲೊನಾ? ಮೊದಲು ಕೆಲಸ ಎಲ್ಲಿ ನಿಲ್ಲುತ್ತದೆ ನೋಡಿ

ಎಚ್‌ಎಸ್‌ಆರ್ ಲೇಔಟಿನ ಸ್ಟಾರ್ಟಪ್ ಇರಲಿ, ಎಲೆಕ್ಟ್ರಾನಿಕ್ ಸಿಟಿಯ ಸರ್ವಿಸ್ ಕಂಪನಿ ಇರಲಿ, ತಂಡದ ಯಾವ ಕೆಲಸ ಎಲ್ಲಿಗೆ ಬಂತು ಅಂತ ಲೆಕ್ಕ ಇಡುವ ಟೂಲ್ ಆರಿಸುವಾಗ ಕೇಳುವುದು ಒಂದೇ: ‘ಜಿರಾ ತಗೊಳ್ಳೋಣವಾ, ಟ್ರೆಲ್ಲೊ ಸಾಕಾ?’ ನಿಮ್ಮಲ್ಲಿ ಕೆಲಸ ಎಲ್ಲಿ ಕಾಯುತ್ತಾ ಕೂರುತ್ತದೆ ಅಂತ ನಾನು ತಿರುಗಿ ಕೇಳುತ್ತೇನೆ.

ಕೋಡ್ ಬೇಗ ಮುಗಿಯುತ್ತದೆ. ರಿವ್ಯೂಗೆ, ಟೆಸ್ಟಿಂಗಿಗೆ, ಕ್ಲೈಂಟ್ ಉತ್ತರಕ್ಕೆ ಕಾಯುವುದೇ ಜಾಸ್ತಿ. ಎಲ್ಲವನ್ನೂ ಟೂಲಿನ ‘ಇನ್ ಪ್ರೋಗ್ರೆಸ್’ (ನಡೆಯುತ್ತಿದೆ) ಕಾಲಮ್ಮಿಗೆ ತುಂಬಿದರೆ ಈ ಕಾಯುವಿಕೆ ಕಾಣುವುದೇ ಇಲ್ಲ. ಲೆಕ್ಕ ಸರಳ. ತಂಡ ವಾರಕ್ಕೆ 5 ಟಿಕೆಟ್ (ಟೂಲಿನಲ್ಲಿ ಬರೆದಿಟ್ಟ ಒಂದೊಂದು ಕೆಲಸ) ಮುಗಿಸುತ್ತದೆ, ಕೈಯಲ್ಲಿ 20 ಇವೆ ಅಂದುಕೊಳ್ಳಿ. ಒಂದು ಟಿಕೆಟ್ ಹೊರಬರಲು ಸರಾಸರಿ 4 ವಾರ ಬೇಕು. ಅದೇ ವೇಗದಲ್ಲಿ, ಕೈಯಲ್ಲಿರುವುದನ್ನು 10ಕ್ಕೆ ಇಳಿಸಿದರೆ 2 ವಾರ ಸಾಕು. ಇದಕ್ಕೆ ಲಿಟಲ್ಸ್ ಲಾ ಅನ್ನುತ್ತಾರೆ. ಕೆಲಸವನ್ನು ಹಂತ ಹಂತದ ಕಾಲಮ್ಮುಗಳಲ್ಲಿ ತೋರಿಸುವ ಕಾನ್ಬಾನ್‌ನಲ್ಲಿ ಪ್ರತಿ ಕಾಲಮ್ಮಿಗೆ ಮಿತಿ ಹಾಕುವುದು ಇದಕ್ಕೇ. ಗೋಡೆಗೆ ಚೀಟಿ ಅಂಟಿಸಿಯೂ ಇದನ್ನು ಮಾಡಬಹುದು.

ಸಪೋರ್ಟ್ ತಂಡಕ್ಕೆ ಕೆಲಸ ಹೇಳಿ ಕೇಳಿ ಬರುವುದಿಲ್ಲ. ಅವರ ಮೇಲೆ ಇಷ್ಟೇ ಕೆಲಸ ಅಂತ ಮೊದಲೇ ನಿಗದಿ ಮಾಡುವ ಎರಡು ವಾರದ ಸ್ಪ್ರಿಂಟ್ ಹೇರುವುದು ಸುಮ್ನೆ ನಾಟಕ. ಕಾನ್ಬಾನ್ ಬೋರ್ಡ್ ಕೊಡಿ. ಐದಾರು ಜನರ ತಂಡ, ಕೋಡ್ ಗಿಟ್‌ಹಬ್‌ನಲ್ಲಿದೆ ಅಂದರೆ ಅಲ್ಲೇ ಕೆಲಸ ಪಟ್ಟಿ ಮಾಡುವ ‘ಇಶ್ಯೂ’ಗಳೇ ಸಾಕು. ಬ್ಯಾಂಕಿನ ಪ್ರಾಜೆಕ್ಟಿಗೆ ಮಾತ್ರ ಯಾರು ಯಾವಾಗ ಅಪ್ರೂವ್ ಮಾಡಿದರು ಅನ್ನುವ ದಾಖಲೆ ಬೇಕಾಗುತ್ತದೆ. ಅಲ್ಲಿ ಜಿರಾದ ವರ್ಕ್‌ಫ್ಲೋ ಮತ್ತು ಪರ್ಮಿಷನ್‌ಗಳು ನಿಜಕ್ಕೂ ಉಪಯೋಗಕ್ಕೆ ಬರುತ್ತವೆ. ಜಿರಾ ಹಾಳಾಗುವುದು ಮ್ಯಾನೇಜರುಗಳ ಕೈಯಲ್ಲಿ: ಒಬ್ಬೊಬ್ಬರೂ ಒಂದೊಂದು ಕಡ್ಡಾಯ ಫೀಲ್ಡ್ ಸೇರಿಸಿ, ಒಂದು ಬಗ್ ದಾಖಲಿಸಲು ಸರ್ಕಾರಿ ಅರ್ಜಿ ತುಂಬಿದ ಹಾಗಾಗುತ್ತದೆ. ಡೇಟಾ ಹೊರಗೆ ಹೋಗಬಾರದು ಅಂದರೆ ನಿಮ್ಮದೇ ಸರ್ವರಿನಲ್ಲಿ ಹಾಕಿಕೊಳ್ಳಬಹುದಾದ, ಓಪನ್ ಸೋರ್ಸ್ ಆದ ರೆಡ್‌ಮೈನ್ ಇದೆ. 2006ರಿಂದ ಇರುವ, ನೋಡಲು ಹಳೇ ಕಾಲದ ಟೂಲ್, ಆದರೆ ಗಟ್ಟಿ. ಉಚಿತ ನಿಜ, ಬ್ಯಾಕಪ್ ಮತ್ತು ಅಪ್‌ಗ್ರೇಡ್ ನೋಡಿಕೊಳ್ಳುವವರಿಗೆ ಸಂಬಳ ಕೊಡಬೇಕಲ್ವಾ?

ನಮ್ಮೂರಿನ ಸರ್ವಿಸ್ ಕಂಪನಿಗಳ ದೊಡ್ಡ ತಲೆನೋವು ಬೇರೆಯೇ. ಕ್ಲೈಂಟಿನ ಜಿರಾ ಒಂದು, ಸ್ವಂತ ಟ್ರ್ಯಾಕರ್ ಇನ್ನೊಂದು, ಮೇಲೆ ಟೈಮ್‌ಶೀಟ್. ಎರಡು ಕಡೆ ಅಪ್‌ಡೇಟ್ ಮಾಡಿ ಅಂದರೆ ಒಂದು ಕಡೆ ಸುಳ್ಳೇ ಇರುತ್ತದೆ. ಕ್ಲೈಂಟಿನ ಟೂಲಿನಲ್ಲೇ ಕೆಲಸ ಮಾಡಿ. ಅವರು ಒಪ್ಪಿದರೆ, ನಿಮಗೆ ಬೇಕಾದ ರಿಪೋರ್ಟನ್ನು ಎಪಿಐ (ಒಂದು ಸಾಫ್ಟ್‌ವೇರ್ ಇನ್ನೊಂದರಿಂದ ಡೇಟಾ ಪಡೆಯುವ ದಾರಿ) ಮೂಲಕ ಎಳೆದುಕೊಳ್ಳಿ.

ಹಣ ಕಟ್ಟುವ ಮೊದಲು ಒಂದಷ್ಟು ನಿಜವಾದ ಟಿಕೆಟ್ ಹಾಕಿ, ವಾಪಸ್ ಎಕ್ಸ್‌ಪೋರ್ಟ್ ಮಾಡಿ. ಕಮೆಂಟು, ಅಟ್ಯಾಚ್‌ಮೆಂಟು, ಹಿಸ್ಟರಿ ಎಲ್ಲ ಹೊರಬಂತಾ? ಬರಲಿಲ್ಲವೆಂದರೆ, ಎಷ್ಟೇ ಚೆನ್ನಾಗಿ ಕಂಡರೂ ನಾನು ಆ ಟೂಲನ್ನು ಪಟ್ಟಿಯಿಂದ ತೆಗೆಯುತ್ತೇನೆ.