ಓಣಿ, ಗಲ್ಲಿ, ಸಾಲು, ಬೈಲು: ಎಲ್ಲವೂ ಬೀದಿಯೇ ತಾನೆ?

ಓದುಗರ ಪ್ರಶ್ನೆ: ನಾನು ಮೈಸೂರು ಕಡೆಯವಳು. ಕೆಲಸದ ಸಲುವಾಗಿ ಹುಬ್ಬಳ್ಳಿಗೆ ಬಂದಿದ್ದೇನೆ. ಇಲ್ಲಿ ಒಂದು ಕಡೆ ಓಣಿ ಅಂತಾರೆ, ಪಕ್ಕದಲ್ಲೇ ಗಲ್ಲಿ. ಆಮೇಲೆ ಪೇಟೆ, ಸಾಲು, ಬೈಲು. ಎಲ್ಲವೂ ಬೀದಿಯೇ ತಾನೆ? ಇಷ್ಟೊಂದು ಹೆಸರು ಯಾಕೆ?

ಎಲ್ಲವೂ ಬೀದಿ ಅಲ್ಲ. ಈಗ ನೋಡಿದರೆ ಹಾಗೆ ಕಾಣುತ್ತದೆ, ಅಷ್ಟೇ. ಹೆಸರು ಬಿದ್ದ ಕಾಲಕ್ಕೆ ಅವು ಒಂದೊಂದೂ ಒಂದೊಂದು ಥರದ ಜಾಗ. ಹೆಸರಿನ ಕೊನೆಯ ಪದ ಹಿಡಿದುಕೊಳ್ಳಿ, ಆ ಜಾಗ ಮೊದಲು ಏನಾಗಿತ್ತು ಅಂತ ಅದೇ ಹೇಳುತ್ತದೆ.

ದುರ್ಗದ ಬೈಲನ್ನೇ ತಗೊಳ್ಳಿ. ದುರ್ಗ ಅಂದರೆ ಕೋಟೆ. ಬೈಲು ಅಂದರೆ ಬಯಲು. ಸಂಜೆ ಆರಕ್ಕೆ ಅಲ್ಲಿಗೆ ಹೋದರೆ ಬಯಲು ಎಲ್ಲಿ ಅಂತ ಹುಡುಕಬೇಕು. ಗಿರಮಿಟ್, ಮಿರ್ಚಿ ಗಾಡಿಗಳ ನಡುವೆ ಕಾಲಿಡಲು ಜಾಗ ಸಿಕ್ಕರೆ ಪುಣ್ಯ. ಆದರೆ ಊರು ಬೆಳೆದದ್ದೇ ಈ ಬಯಲಿನ ಸುತ್ತ. 1727ರಲ್ಲಿ ಬಸಪ್ಪ ಶೆಟ್ಟರ್ ಎಂಬ ವ್ಯಾಪಾರಿ ಸವಣೂರು ನವಾಬರ ಅಪ್ಪಣೆ ಪಡೆದು ಇಲ್ಲಿ ಹೊಸ ಹುಬ್ಬಳ್ಳಿ ಕಟ್ಟಿಸಿದರು. ನಾವು ಇವತ್ತಿಗೂ ‘ಹಳೇ ಹುಬ್ಬಳ್ಳಿ’ ಅಂತ ಇನ್ನೊಂದು ಭಾಗವನ್ನು ಬೇರೆಯಾಗಿ ಕರೆಯುವುದು ಅದಕ್ಕೇ. ಮುನ್ನೂರು ವರ್ಷ ಹತ್ತಿರ ಬಂದರೂ ಅದು ಇನ್ನೂ ‘ಹೊಸದು’!

ಅಲ್ಲೇ ಹತ್ತಿರದಲ್ಲಿ ಜವಳಿ ಸಾಲು. ಒಂದೇ ವ್ಯಾಪಾರದ ಅಂಗಡಿಗಳು ಸಾಲಾಗಿ ಕೂತರೆ ಅದು ಸಾಲು. ಇಲ್ಲಿ ಹೆಸರೂ ಕಸುಬೂ ಇನ್ನೂ ಜೊತೆಗಿವೆ. ಮದುವೆ ಬಟ್ಟೆಗೆ ಅಂತ ಹಳ್ಳಿಗಳಿಂದ ಇಡೀ ಮನೆಮಂದಿ ಬಂದು ಕೂರುತ್ತಾರೆ.

ಓಣಿ ನಮ್ಮದೇ ಕನ್ನಡ ಪದ. ಗಲ್ಲಿ ಹಿಂದಿ, ಮರಾಠಿ ಕಡೆಯಿಂದ ಬಂದದ್ದು. ಅರ್ಥದಲ್ಲಿ ಜಾಸ್ತಿ ವ್ಯತ್ಯಾಸ ಇಲ್ಲ. ಕಂಚಗಾರ ಗಲ್ಲಿ, ಮ್ಯಾದಾರ ಓಣಿ ಎರಡರಲ್ಲೂ ಕಸುಬಿನವರ ಹೆಸರೇ ಮುಂದೆ ನಿಂತಿದೆ. ಒಬ್ಬರು ಕಂಚು ಬಡಿದವರು, ಇನ್ನೊಬ್ಬರು ಬಿದಿರು ಹೆಣೆದವರು. ಗಿರಣಿ ಚಾಳದಲ್ಲೂ ಇದೇ ಮಾತು. ಗಿರಣಿ ಅಂದರೆ ಮಿಲ್ಲು, ಚಾಳ ಅಂದರೆ ಕೆಲಸಗಾರರ ಸಾಲು ಮನೆ.

ಪೇಟೆ ಮಾತ್ರ ಬರೀ ಬೀದಿಯಲ್ಲ, ವ್ಯಾಪಾರಕ್ಕೆ ಅಂತ ಕೂಡಿಸಿದ ವಸತಿ. ಧಾರವಾಡದಲ್ಲಿ ಮಂಗಳವಾರ ಪೇಟೆ, ಶುಕ್ರವಾರ ಪೇಟೆ ಇವೆ. ಮರಾಠರ ಆಡಳಿತ ಕಂಡ ಊರುಗಳಲ್ಲಿ ಇಂಥ ವಾರದ ಹೆಸರು ಸಿಗುತ್ತವೆ. ಪುಣೆಯಲ್ಲಂತೂ ಏಳೂ ವಾರಕ್ಕೆ ಒಂದೊಂದು ಪೇಟೆ.

ನೀವು ಮೈಸೂರಿನವರು ಅಂದಿರಿ, ಹಾಗಾಗಿ ಇದೊಂದನ್ನು ಬಿಡಿಸಿ ಹೇಳಬೇಕು. ನಿಮಗೆ ಕೇರಿ ಅಂದರೆ ಬೀದಿ. ಧಾರವಾಡಕ್ಕೆ ಬಂದು ಸಾಧನಕೇರಿ, ಕೆಲಗೇರಿ, ಕೋಳಿಕೇರಿ ಅಂತ ಕೇಳಿದರೆ ಯಾವುದೋ ಜನರ ಬೀದಿ ಅಂದುಕೊಳ್ಳುತ್ತೀರಿ. ಹೋಗಿ ನೋಡಿದರೆ ಮೂರರಲ್ಲೂ ಕೆರೆ! ನಮ್ಮ ಬಾಯಲ್ಲಿ ಕೊನೆಯ ಎಕಾರ ನಿಲ್ಲುವುದಿಲ್ಲ. ಮನೆ ಮನಿ ಆಗುತ್ತದೆ, ಕೆರೆ ಕೆರಿ ಆಗುತ್ತದೆ. ಹೆಸರಿನೊಳಗೆ ಸೇರಿದಾಗ ಅದೇ ಎಳೆದು ಕೇರಿ. ಒಂದು ಊರಿನ ನೀರು ಎಲ್ಲಿತ್ತು ಅಂತ ತಿಳಿಯಲು ನಕಾಶೆ ಬೇಡ, ಹೆಸರು ಸಾಕು.

ಗದಗದ ನಾಕಾಗಳದ್ದೂ ಹೀಗೇ. ಮುಳಗುಂದ ನಾಕಾ, ಹಾತಲಗೇರಿ ನಾಕಾ. ನಾಕಾ ಅಂದರೆ ಊರೊಳಗೆ ಬರುವ ಸರಕಿಗೆ ಜಕಾತಿ ವಸೂಲಿ ಮಾಡುವ ಜಾಗ. ನಮ್ಮ ರಾಜ್ಯದಲ್ಲಿ ಜಕಾತಿ 1979ರಲ್ಲೇ ಹೋಯಿತು. ಬಸ್ಸಿನವರು ಮಾತ್ರ ಇನ್ನೂ ‘ನಾಕಾ, ನಾಕಾ’ ಅಂತ ಕೂಗುತ್ತಾರೆ. ಹಳೆಯ ಊರು ಎಲ್ಲಿಗೆ ಮುಗಿಯುತ್ತಿತ್ತು ಅಂತ ಅಲ್ಲಿ ನಿಂತರೆ ಗೊತ್ತಾಗುತ್ತದೆ.

ಹಾಗಂತ ಎಲ್ಲ ಹೆಸರೂ ಜನರ ಬಾಯಿಂದಲೇ ಹುಟ್ಟಿದವಲ್ಲ. ನಮ್ಮ ಭಾಗ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. 1903ರಿಂದ 1907ರವರೆಗೆ ಅದರ ಗವರ್ನರ್ ಆಗಿದ್ದವರು ಲ್ಯಾಮಿಂಗ್ಟನ್. ಹುಬ್ಬಳ್ಳಿಯ ಲ್ಯಾಮಿಂಗ್ಟನ್ ರೋಡ್ ಅವರ ಹೆಸರಿನದ್ದು. ಆಮೇಲೆ ಅದಕ್ಕೆ ಸಿದ್ದಪ್ಪ ಕಂಬಳಿಯವರ ಹೆಸರಿಟ್ಟರು. ಮುಂಬಯಿ ಸರ್ಕಾರದಲ್ಲಿ ಮಂತ್ರಿಯಾಗಿದ್ದ ನಮ್ಮವರ ಹೆಸರು ಬಾಯಿಗೆ ಬರಲಿ ಅನ್ನುವುದೇ ನನ್ನ ಆಸೆ. ಆಟೋದಲ್ಲಿ ಕೂತು ನೀವೂ ಹೇಳಿ ನೋಡಿ.

ನಿಮ್ಮ ಓಣಿಯ ಹಳೆಯ ಹೆಸರು ಬೇಕಿದ್ದರೆ ಮನೆ ಮಾಲೀಕರ ಹತ್ತಿರ ಹಳೆಯ ಖರೀದಿ ಪತ್ರ ಇದೆಯಾ ಕೇಳಿ. ಅದರಲ್ಲಿ ಚಕ್‌ಬಂದಿ ಅಂತ ಬರೆದಿರುತ್ತಾರೆ. ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾವ ಓಣಿ ಅಂತ. ಬೋರ್ಡ್ ಬದಲಾದರೂ ಚಕ್‌ಬಂದಿ ಬದಲಾಗುವುದಿಲ್ಲ.

ಇನ್ನೊಂದು, ನಡೆಯುವಾಗ ಕೆಳಗೆ ನೋಡಿ. ಹಳೆಯ ಮನೆಗಳ ಮೆಟ್ಟಿಲಿಗೆ, ಕಟ್ಟೆಯ ಕಲ್ಲಿಗೆ ಅಕ್ಷರ ಕೊರೆದಿರುತ್ತಾರೆ. ರಸ್ತೆ ಅಗೆದಾಗ ಆ ಕಲ್ಲುಗಳು ಎಲ್ಲೆಲ್ಲೋ ಹೋಗಿಬಿಡುತ್ತವೆ. ಹೋದ ಮಳೆಗಾಲದಲ್ಲಿ ನಮ್ಮ ಅಜ್ಜಿಯ ಮನೆ ಓಣಿಯಲ್ಲಿ ಗಟಾರದ ಮೇಲೆ ಒಂದು ಫರಸಿ ಹಾಸಿದ್ದರು, ಅಕ್ಷರ ತಲೆಕೆಳಗಾಗಿ. ನೀರು ಹಾಕಿ ಕೈಯಿಂದ ಉಜ್ಜಿದೆ. ‘ರ ಓಣಿ’ ಅಂತ ಮಾತ್ರ ಉಳಿದಿತ್ತು, ಅದಕ್ಕೂ ಮೊದಲಿನ ತುಂಡು ಒಡೆದು ಹೋಗಿತ್ತು. ನನಗೆ ಹೊಟ್ಟೆ ಉರಿಯಿತು. ಎದುರಿನ ಮನೆಯ ಅಜ್ಜಿ ಕಟ್ಟೆ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಕೇಳಿದೆ.

“ಕಂಬಾರ ಓಣಿ ಅಂತಿದ್ರೋ ತಮ್ಮಾ,” ಅಂದರು. “ನೀ ನಿಂತೀಯಲ್ಲ, ಅಲ್ಲೇ ಇತ್ತು ನೋಡು ಕುಲುಮಿ.”