ಕೆಣಕುವ ಮಾತಿಗೆ ಮಿದುಳು ಯಾಕೆ ಓಗೊಡುತ್ತದೆ?

"ಅವನು ಬಿಸಿ ಬ್ರೆಡ್ಡಿಗೆ ಕಾಲುಚೀಲ ಸವರಿದ." ಓದುವಾಗ ಒಂದು ಕಡೆ ಮುಗ್ಗರಿಸಿದ ಹಾಗಾಯಿತು, ಅಲ್ವಾ? 1980ರಲ್ಲಿ ಮಿದುಳಿನ ಸಂಶೋಧಕರಾದ ಮಾರ್ಟಾ ಕುಟಾಸ್ ಮತ್ತು ಸ್ಟೀವನ್ ಹಿಲ್ಯಾರ್ಡ್ ಇಂಥ ಇಂಗ್ಲಿಷ್ ವಾಕ್ಯಗಳನ್ನು ಜನರಿಗೆ ಓದಲು ಕೊಟ್ಟು, ಅವರ ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆದರು. ಹೊಂದದ ಪದ ಕಣ್ಣಿಗೆ ಬಿದ್ದ ಸುಮಾರು 400 ಮಿಲಿಸೆಕೆಂಡಿಗೆ ಅಲೆಯಲ್ಲಿ ಏರುಪೇರು ಕಂಡಿತು. ಅದಕ್ಕೆ ಎನ್400 ಎಂದು ಹೆಸರು. ಓದುತ್ತಾ ಹೋದಂತೆ ಮುಂದೇನು ಬರಬಹುದು ಎಂದು ಮಿದುಳು ಊಹಿಸುತ್ತಲೇ ಇರುತ್ತದೆ. ಊಹೆ ತಪ್ಪಿದಾಗ ಅದು ಎಚ್ಚೆತ್ತುಕೊಳ್ಳುತ್ತದೆ.

ಇದು ಪದದ ಮಟ್ಟದ ಸಂಗತಿ. ವಿಚಾರಗಳ ಮಟ್ಟದಲ್ಲಿ ಏನಾಗುತ್ತದೆ? ಮರ್ರಿ ಡೇವಿಸ್ ಎಂಬ ಸಮಾಜವಿಜ್ಞಾನಿ 1971ರಲ್ಲಿ ಇದಕ್ಕೆ ಉತ್ತರ ಹುಡುಕಿದರು. ಜನ ನಿಜವೆಂದು ಸುಮ್ನೆ ಒಪ್ಪಿಕೊಂಡಿರುವುದನ್ನು ಅಲ್ಲಗಳೆಯುವ ಸಿದ್ಧಾಂತವೇ ಕುತೂಹಲ ಹುಟ್ಟಿಸುತ್ತದೆ ಎಂದರು. ಏನನ್ನೂ ಅಲ್ಲಗಳೆಯದಿದ್ದರೆ ಓದುಗ "ಇದು ಗೊತ್ತಿರೋದೇ" ಎನ್ನುತ್ತಾನೆ. ಎಲ್ಲವನ್ನೂ ಅಲ್ಲಗಳೆದರೆ "ಇವನಿಗೆ ತಲೆ ಕೆಟ್ಟಿದೆ" ಎನ್ನುತ್ತಾನೆ. ಬರೆಯುವವರಿಗೆ ಸಿಗುವುದು ಇವೆರಡರ ನಡುವಿನ ಜಾಗ. ಅದು ಚಿಕ್ಕದು, ಆದರೆ ಒಳ್ಳೆಯ ವಿಜ್ಞಾನ ಬರಹವೆಲ್ಲ ಅಲ್ಲೇ ಹುಟ್ಟುತ್ತದೆ ಎಂದು ನನ್ನ ನಂಬಿಕೆ.

ಹೊಟ್ಟೆಹುಣ್ಣಿನ ಕತೆಯನ್ನೇ ನೋಡಿ. ಹುಣ್ಣಿಗೆ ಮನಸ್ಸಿನ ಒತ್ತಡ, ಆಮ್ಲ ಕಾರಣ ಎಂದು ವೈದ್ಯರು ಬಹುಕಾಲ ನಂಬಿದ್ದರು. ಬ್ಯಾಕ್ಟೀರಿಯಾ ಕಾರಣ ಎಂದರು ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್. ನಂಬುವವರು ಕಡಿಮೆ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ತುಂಬಿದ ದ್ರವವನ್ನು ತಾವೇ ಕುಡಿದುಬಿಟ್ಟರು. ಕೆಲವೇ ದಿನಗಳಲ್ಲಿ ವಾಂತಿ ಶುರುವಾಯಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

"ಹುಣ್ಣಿಗೆ ಹಲವು ಕಾರಣಗಳಿವೆ" ಎಂದು ಶುರುವಾಗುವ ಲೇಖನವನ್ನು ಯಾರು ಓದುತ್ತಾರೆ? "ಚಿಂತೆ ಮಾಡಿದ್ದಕ್ಕೆ ಹುಣ್ಣಾಯಿತು ಎಂದುಕೊಂಡಿದ್ದೀರಾ? ಬ್ಯಾಕ್ಟೀರಿಯಾ ಇರಬಹುದು" ಎಂದರೆ ಕಣ್ಣು ಅಲ್ಲೇ ನಿಲ್ಲುತ್ತದೆ. ಗೊತ್ತಿರುವುದಕ್ಕೂ ಗೊತ್ತಾಗಬೇಕಿರುವುದಕ್ಕೂ ನಡುವೆ ಬಿರುಕು ಕಂಡಾಗ ಕುತೂಹಲ ಹುಟ್ಟುತ್ತದೆ ಎಂದು ಅರ್ಥಶಾಸ್ತ್ರಜ್ಞ ಜಾರ್ಜ್ ಲೊವೆನ್‌ಸ್ಟೈನ್ 1994ರಲ್ಲಿ ವಿವರಿಸಿದ್ದು ಇದನ್ನೇ.

ಇನ್ನೊಂದು ಲಾಭವೂ ಇದೆ. ಮನೋವಿಜ್ಞಾನಿಗಳಾದ ಬಟರ್‌ಫೀಲ್ಡ್ ಮತ್ತು ಮೆಟ್‌ಕಾಫ್ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಜನ ತುಂಬಾ ಖಾತ್ರಿಯಿಂದ ಕೊಟ್ಟ ತಪ್ಪು ಉತ್ತರಗಳೇ, ಸರಿ ಉತ್ತರ ತಿಳಿಸಿದ ಮೇಲೆ, ಜಾಸ್ತಿ ಚೆನ್ನಾಗಿ ತಿದ್ದಿಕೊಂಡವು. ಅನುಮಾನದಿಂದ ಹೇಳಿದ ತಪ್ಪುಗಳು ಅಷ್ಟು ತಿದ್ದಿಕೊಳ್ಳಲಿಲ್ಲ. ಹಾಗಾಗಿ ಓದುಗರ ಗಟ್ಟಿ ನಂಬಿಕೆಯನ್ನು ಮೊದಲು ಅವರ ಮುಂದಿಟ್ಟು, ಆಮೇಲೆ ಅಲುಗಾಡಿಸುವುದು ಒಳ್ಳೆಯದು.

ಆದರೆ ಓದುಗರನ್ನು ಹಿಡಿದು ನಿಲ್ಲಿಸುವ ಇದೇ ಕೊಕ್ಕೆ ಸುಳ್ಳಿಗೂ ಸಿಗುತ್ತದೆ. 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಹರಡಿದ ಸುಮಾರು 1,26,000 ಸುದ್ದಿಗಳ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಸುಳ್ಳು ಸುದ್ದಿ ನಿಜಕ್ಕಿಂತ ಬೇಗ, ದೂರ ಹೋಗಿತ್ತು. ಅದರಲ್ಲಿ ಹೊಸತನ ಹೆಚ್ಚಿತ್ತು, ಅದಕ್ಕೆ ಬಂದ ಉತ್ತರಗಳಲ್ಲಿ ಅಚ್ಚರಿಯೂ ಹೆಚ್ಚಿತ್ತು. ಕೆಣಕುವ ವಾಕ್ಯದ ಹಿಂದೆ ಆಧಾರವಿಲ್ಲದಿದ್ದರೆ ನಾವೂ ಆ ಗುಂಪಿಗೇ ಸೇರುತ್ತೇವೆ.

ಮಾರ್ಷಲ್‌ಗೆ ಹೊಟ್ಟೆಹುಣ್ಣಾಯಿತು ಎಂದು ಬರೆದರೆ ಕತೆ ಇನ್ನೂ ಚುರುಕಾಗುತ್ತದೆ. ನಿಜವಾಗಿ ಅವರಿಗೆ ಆದದ್ದು ಜಠರದ ಉರಿಯೂತ. ಅದನ್ನು ಇದ್ದ ಹಾಗೇ ಹೇಳಿದರೆ ಮುಂದಿನ ಪ್ರಶ್ನೆಗೆ ದಾರಿಯಾಗುತ್ತದೆ: ಆ ಬ್ಯಾಕ್ಟೀರಿಯಾ ಹೊತ್ತಿರುವ ಬಹುಪಾಲು ಜನರಿಗೆ ಹುಣ್ಣೇ ಆಗುವುದಿಲ್ಲ. ಹಾಗಾದರೆ ಕೆಲವರಿಗೆ ಮಾತ್ರ ಯಾಕೆ ಆಗುತ್ತದೆ?